ಎರಡು ಕೈ ಭಂಡಾರ

ಕಲ್ಲಿದ್ದಲು ಸುಡುವ ವಾಸನೆ ಬಂದರೆ ಗುರುಸಿದ್ಧನಿಗೆ ಇಂದಿಗೂ ಹಸಿವಾಗುತ್ತದೆ. ಅವನು ಸೊಲ್ಲಾಪುರದ ಗಿರಣಿ ಚಾಳಿನಲ್ಲಿ ಬೆಳೆದವನು. ಬೆಳಿಗ್ಗೆ ಗಿರಣಿಯ ಚಿಮಣಿ ಹೊಗೆ ಬಿಡಲು ಶುರುಮಾಡಿತೆಂದರೆ ಇದ್ದಲು, ಒದ್ದೆ ನೂಲು, ನೂಲಿಗೆ ಹಚ್ಚುವ ಗಂಜಿ ಎಲ್ಲ ಕಲೆತ ಒಂದು ಘಾಟು ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದರ ಹಿಂದೆಯೇ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಒಣಹಾಕಿದ ಧೋತರದ ಮೇಲೆ ಮಸಿ ಬಿದ್ದರೆ ಅವ್ವ ಆ ಚಿಮಣಿಗೆ ನೆರೆಮನೆಯವಳಿಗೆ ಬೈದಂತೆ ಬೈಯುತ್ತಿದ್ದಳು. ಗಿರಣಿ ಕೆಲಸಗಾರರು ಸಂಪು ಹೂಡಿ ಹೊಗೆ ನಿಂತಿತೋ, ಅದೇ ಚಿಮಣಿಯ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಹೀಗಾಗಿ ಹೊಗೆ ಎಂಬುದು ಮೇಲಕ್ಕೆ ಹೋಗತಕ್ಕದ್ದು, ಹೋಗುವಾಗ ಕೆಳಗಿದ್ದವರಿಗೆ ಎರಡು ತುತ್ತು ಹಾಕತಕ್ಕದ್ದು ಎಂಬ ತಿಳುವಳಿಕೆಯಲ್ಲೇ ಅವನು ಅರವತ್ತರ ಹತ್ತಿರ ಬಂದಿದ್ದ.

ಅಂಥವನಿಗೆ, ಹೊಗೆಯನ್ನು ಕೆಳಕ್ಕೆ ಕಳಿಸುವುದು ಹೇಗೆಂದು ಜನಕ್ಕೆ ತಿಳಿಸಿ ಹೇಳುವ ಕೆಲಸ ಸಿಕ್ಕಿತು.

ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟಾವೆಲ್ ಕಾರ್ಖಾನೆಯೊಂದರ ಗೋದಾಮಿನಲ್ಲಿ ದುಡಿದು ಅವನು ಆಗಷ್ಟೇ ಮನೆಯಲ್ಲಿ ಕೂತಿದ್ದ. ಸರಕಾರದ ನೆರವಿನಿಂದ ಒಂದು ಪ್ರಯೋಗ ನಡೆದಿತ್ತು. ಕಲ್ಲಿದ್ದಲಿನಿಂದ ಕರೆಂಟು ತಯಾರಾಗುವಲ್ಲಿ, ಹೊಗೆಯೊಳಗಿನ ಇಂಗಾಲದ ಅನಿಲವನ್ನು ಬೇರೆ ಮಾಡಬೇಕು. ಅದನ್ನು ನೀರಿನಲ್ಲಿ ಬೆರೆಸಿ ನೆಲದಾಳದ ಕರಿಕಲ್ಲಿನೊಳಗೆ ಇಳಿಸಬೇಕು. ಅಲ್ಲಿ ಅದು ನಿಧಾನವಾಗಿ ತಾನೂ ಕಲ್ಲಾಗುತ್ತದೆಯೇ ನೋಡಬೇಕು. ಪರೀಕ್ಷೆಗೆಂದು ಅಕ್ಕಲಕೋಟ ತಾಲೂಕಿನ ಕುರನೂರಿನ ಗಾಯರಾನಿನಲ್ಲಿ, ಅಂದರೆ ಊರ ದನ-ಕುರಿ ಮೇಯುವ ಸರಕಾರಿ ಜಾಗದಲ್ಲಿ, ಆಳವಾದ ಒಂದು ಬೋರು ಕೊರೆದಿದ್ದರು. ಊರವರ ಮಾತು ಕನ್ನಡ. ಇಂಜಿನಿಯರ್ ಮನೀಷಾ ನಾಸಿಕದ ಕಡೆಯ ಹುಡುಗಿ, ಬರುವುದು ಮರಾಠಿ. ನಡುವೆ ಒಬ್ಬ ಮನುಷ್ಯ ಬೇಕಾಗಿದ್ದ.

"ಅಲ್ಲಿಯ ರೀತಿ-ರಿವಾಜು ನಿಮಗೆ ಗೊತ್ತೇ ಕಾಕಾ?" ಎಂದು ಮನೀಷಾ ಮರಾಠಿಯಲ್ಲಿ ಕೇಳಿದ್ದಳು.

"ಗೊತ್ತೇ ಅಂತ ಕೇಳ್ತೀರಾ ಮ್ಯಾಡಮ್? ನಮ್ಮ ಮನೆತನವೇ ಕುರನೂರಿನದು. ಬಿರೋಬಾನ ಗುಡಿಯ ಕಲ್ಲು ಕಲ್ಲೂ ನನಗೆ ಗುರುತು."

ಸತ್ಯ ಸಂಗತಿ ಇಷ್ಟೇ: ಅವನು ಹುಟ್ಟುವ ಮೊದಲೇ ಅಪ್ಪ ಕುರಿ ಮಾರಿ ಗಿರಣಿ ಸೇರಿದ್ದ. ಗುರುಸಿದ್ಧ ಕುರನೂರಿಗೆ ಹೋಗುತ್ತಿದ್ದುದು ಲಗ್ನಗಳಿಗೆ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಸಂಜೆಯ ಎಸ್‌ಟಿ ಬಸ್ಸಿಗೆ ತಿರುಗಿ ಬರುತ್ತಿದ್ದ. ಗುಡಿಯ ಕಲ್ಲುಗಳಿಗೆ ಅವನ ಗುರುತಿರಲಿಲ್ಲ.

ಸಭೆ ನಡೆದದ್ದು ಕುರಿಗಾರರ ದೇವರು ಬಿರೋಬಾನ ಗುಡಿಯ ಅಂಗಳದಲ್ಲಿ. ಮನೀಷಾ ಚಿತ್ರಪಟ ಬಿಚ್ಚಿ ತೋರಿಸಿದಳು; ಗುರುಸಿದ್ಧ ಕನ್ನಡದಲ್ಲಿ ಹೇಳಿದ. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆಗ ಊರಿನ ಹಿರಿಯಳಾದ ಹಣಮವ್ವ ಕೋಲೂರಿ ಎದ್ದು ನಿಂತಳು.

"ಹೊಗಿ ಒಳಗ ಹಾಕ್ತೀರಿ, ಆತು. ನಾಳಿ ಮತ್ತ ಮ್ಯಾಲ ಬಂತಂದ್ರ? ನಮ್ಮ ಕುರಿ ಅಲ್ಲೇ ಮೇಯ್ತಾವ. ಬೋರಿ ನದಿ ಅಲ್ಲೇ ಹರೀತದ."

ಮನೀಷಾ ಈ ಪ್ರಶ್ನೆಗೆ ಸಂತೋಷಪಟ್ಟಳು. ಸಾಧ್ಯತೆ ತೀರ ಕಡಿಮೆಯೆಂದಳು, ಆದರೆ ಇಲ್ಲವೇ ಇಲ್ಲವೆನ್ನಲಾಗದು ಎಂದಳು, ಅದನ್ನು ಪರೀಕ್ಷಿಸುವುದಕ್ಕೇ ಈ ಬೋರು ಎಂದಳು, ಸುತ್ತಲಿನ ಬಾವಿಗಳ ನೀರನ್ನು ಹೇಗೆ ನೋಡುತ್ತಿರುತ್ತೇವೆಂದು ಬಹಳ ಹೊತ್ತು ಹೇಳಿದಳು. ಬಿಸಿಲು ಏರಿತ್ತು. ಗುರುಸಿದ್ಧ ಅದಷ್ಟನ್ನೂ ಹಿಂಡಿ ಒಂದು ಮಾತು ಮಾಡಿದ:

"ಬರಂಗಿಲ್ಲ ಅಂತಾರ."

ಅಂಗಳದಲ್ಲಿ ಗುಜುಗುಜು ಎದ್ದಿತು. ಪೂಜಾರಿ ಧರೆಪ್ಪ ಎದ್ದು ಗರ್ಭಗುಡಿಗೆ ಹೋದ. ಅವನು ಗುರುಸಿದ್ಧನ ಚಿಕ್ಕಪ್ಪನ ಮಗಳು ಸುಗಲಾಬಾಯಿಯ ಗಂಡ. ದೇವರ ಮುಂದಿನ ಹಿತ್ತಾಳೆಯ ತಾಟನ್ನು ತಂದು ಮನೀಷಾಳ ಎದುರು ಹಿಡಿದು ನಿಂತ. ತಾಟಿನ ತುಂಬ ಭಂಡಾರ. ಹಳದಿ ಬೆಟ್ಟದಂತೆ ಅರಿಶಿನದ ಪುಡಿ. ಅಂಗಳ ಒಮ್ಮೆಲೇ ಗಪ್ಪಾಯಿತು.

"ಕಾಕಾ, ನಾನೇನು ಮಾಡಬೇಕು?" ಮನೀಷಾ ಮೆಲ್ಲಗೆ ಕೇಳಿದಳು.

ಗುರುಸಿದ್ಧನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಮುಗಿದುಹೋಗುತ್ತಿತ್ತು. ಆದರೆ ಆ ಮಾತು ಅವನ ಗಂಟಲಿನಲ್ಲಿ ಹುಟ್ಟಿ ಅಲ್ಲೇ ಐಕ್ಯವಾಗುವ ಜಾತಿಯದು.

"ಪ್ರಸಾದ ಮ್ಯಾಡಮ್. ಎರಡೂ ಕೈಯಿಂದ ತಗೊಳ್ಳಿ. ಹೆಚ್ಚು ತಗೊಂಡಷ್ಟೂ ಅವರಿಗೆ ಮಾನ."

ಮನೀಷಾ ಭಕ್ತಿಯಿಂದ ಎರಡೂ ಕೈ ತುಂಬಿ ಎತ್ತಿದಳು. ಕಣ್ಣಿಗೊತ್ತಿಕೊಂಡಳು. ಒಂದು ಚೂರೂ ಚೆಲ್ಲದಂತೆ ಕರವಸ್ತ್ರದಲ್ಲಿ ಕಟ್ಟಿ ಪರ್ಸಿನೊಳಗೆ ಇಟ್ಟುಕೊಂಡಳು. ಹಣಮವ್ವನ ತೆರೆದ ಬಾಯಿ ತೆರೆದೇ ಉಳಿಯಿತು. ಮರುಗಳಿಗೆ ಯಾರೋ "ಬಿರೋಬಾಚ್ಯಾ ನಾವಾನಂ ಚಾಂಗಭಲಂ!" ಎಂದು ದೇವರಿಗೆ ಜಯಕಾರ ಹಾಕಿದರು. ಊರಿಗೆ ಊರೇ ಕೈ ಎತ್ತಿ ಒಪ್ಪಿಗೆ ಕೊಟ್ಟಿತು.

ತಿರುಗಿ ಬರುವಾಗ ಮನೀಷಾ ಎಂದಿನಂತೆ ಜೀಪಿನ ಮುಂದಿನ ಸೀಟು ಅವನಿಗೇ ಬಿಟ್ಟುಕೊಟ್ಟಳು, ಕಾಕಾನ ಮೊಣಕಾಲು ನೋಯುತ್ತವೆಂದು. ದಾರಿಯುದ್ದಕ್ಕೂ ಗುರುಸಿದ್ಧ ತನ್ನ ಮನೆತನದ ಮಹಿಮೆ ಹೇಳಿದ.

ಸಂಜೆ ಊಟಕ್ಕೆ ಕೂತಾಗ ಸುಗಲಾಬಾಯಿಯ ಫೋನು ಬಂತು.

"ಅಣ್ಣಾ, ಊಟ ಆತೇನು?"

"ಕೂತೀನಿ."

"ಹಂಗಾರ ಉಂಡು ಫೋನ್ ಮಾಡು. ಈಗ ಕೇಳಿದ್ರ ಇಳಿಯಂಗಿಲ್ಲ."

ಇಷ್ಟು ಕೇಳಿದ ಮೇಲೆ ಯಾರಿಗೆ ಇಳಿದೀತು? "ಹೇಳವ್ವ, ಏನದು?"

"ಆ ಹುಡುಗಿಗಿ ತಂದಿ-ತಾಯಿ ಅದಾರೇನು?"

"ಅದಾರ. ಯಾಕ?"

"ಅವರಿಗಿ ಒಂದು ಮಾತು ಕೇಳಿ ಎತ್ಯಾಳೇನು ಭಂಡಾರ?"

"ಪ್ರಸಾದಕ್ಕ ತಂದಿ-ತಾಯೀನ್ನ ಕೇಳಬೇಕೇನು?"

ಆ ತುದಿಯಲ್ಲಿ ಉಸಿರು ಬಿಟ್ಟ ಸಪ್ಪಳ ಕೇಳಿಸಿತು. "ಪ್ರಸಾದ ಅಂತ ನೀ ಹೇಳಿದೇನು? ಅಣ್ಣಾ, ಹಣಿಗಿ ಹಚ್ಚಿದ್ರ ಪ್ರಸಾದ. ಮಾತು ಕೇಳಿ ತಾಟು ಮುಂದ ಹಿಡದ್ರ ಆಣಿ! ಆಕಿ ಸರಕಾರದ ಪರವಾಗಿ ಆಣಿ ಮಾಡಿ ಹೋಗ್ಯಾಳ, ಹೊಗಿ ಮ್ಯಾಲ ಬರಂಗಿಲ್ಲಂತ. ಬಂದ್ರ ಆಕಿ ಮನಿ ಹಾಳು. ಹಿಂದಕ ಬದುವಿನ ಜಗಳದಾಗ ತಾಟು ಹೊರಗ ಬಂದಿತ್ತು. ಖರೆ ಇದ್ದಾಂವ ಸುದ್ಧಾ ನಡುಗಿ, ಜಮೀನು ಬಿಟ್ಟು ರಾಜಿ ಮಾಡಕೊಂಡ. ಅದೂ ಒಂದು ಮುಷ್ಟಿಗಿ! ಈಕಿ ಎರಡು ಕೈಲೆ ಎತ್ಯಾಳ!"

"ಎರಡು ಕೈ ಅಂದ್ರ ಏನಾತದ?"

"ಯಾರಿಗೂ ಗೊತ್ತಿಲ್ಲ, ಯಾರೂ ಎತ್ತಿಲ್ಲ. ಹಣಮವ್ವ ಹೇಳ್ತಾಳ, ಹಿಂದಿನವರು ಮುಂದಿನವರು ಎಲ್ಲಾರ ಸಲುವಾಗಿ ಆತದಂತ. ಅಣ್ಣಾ, ಆ ಹೊಗಿ ಎಷ್ಟು ವರ್ಷ ಒಳಗ ಇರಬೇಕಂತ?"

ಸಾವಿರಾರು ವರ್ಷವೆಂದು ಮನೀಷಾ ಹೇಳಿದ್ದು ನೆನಪಾಗಿ ಗುರುಸಿದ್ಧ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಳಿಸಿದ. "ಭಾಳ ವರ್ಷ," ಎಂದ.

ಎದುರಿಗೆ ಕೂತು ಎಲ್ಲ ಕೇಳಿಸಿಕೊಂಡ ಹೆಂಡತಿ ಇಂದುಬಾಯಿ ಅವನ ಮುಂದಿನ ತಾಟು ಎತ್ತಿದಳು. ಅವನು ಇನ್ನು ಉಣ್ಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನನಗ ಗೊತ್ತಿಲ್ಲರಿ ಅಂದಿದ್ರ ನಿಮ್ಮ ನಾಲಿಗಿ ಉದುರತಿತ್ತೇನು? ಪಂಢರಪುರಕ್ಕ ಹೋಗೂ ಬಸ್ಸು ಅಂತ ಗುಲಬರ್ಗಾದ ಬಸ್ಸಿನ್ಯಾಗ ಕೂಡಿಸಿದ್ರಿ. ಆವಾಗ ನಾನೊಬ್ಬಾಕಿ ಅತ್ತಿದ್ದೆ. ಈಗ ಮಂದಿ ಮಗಳು!"

ನಾಳೆ ಬೆಳಿಗ್ಗೆ ಮನೀಷಾಳಿಗೆ ಎಲ್ಲ ಹೇಳಿಬಿಡಬೇಕೆಂದು ಗುರುಸಿದ್ಧ ನಿಶ್ಚಯಿಸಿದ. ಬೆಳಿಗ್ಗೆ ಅವಳ ಮುಖ ನೋಡಿದ. ಸಂಜೆ ಹೇಳಬೇಕೆಂದು ನಿಶ್ಚಯಿಸಿದ. ರೀತಿ-ರಿವಾಜು ಬಲ್ಲವನೆಂದೇ ಕೊಟ್ಟ ಕೆಲಸವದು. ಅರಿಯದವನೆಂದು ತಾನೇ ಹೇಳಿಕೊಂಡು ಅದೇ ಕುರ್ಚಿಯಲ್ಲಿ ಹೇಗೆ ಕೂರುವುದು? ಅಷ್ಟರಲ್ಲಿ ಕುರನೂರು ತನ್ನ ಕೆಲಸ ಶುರುಮಾಡಿತು.

ಮೊದಲು ಹಾಲಿನ ಗಾಡಿಯಲ್ಲಿ ಮನೀಷಾಳಿಗೆಂದು ಒಂದು ಬುಟ್ಟಿ ತತ್ತಿ ಬಂತು. ಆಮೇಲೆ ಕರಿದಾರ, ದೃಷ್ಟಿಗೆ. ಆಮೇಲೆ ಯಾರೋ ಕುರಿ ಉಣ್ಣೆಯ ಕಂಬಳಿ ಕಳಿಸಿದರು, ಮನೀಷಾಬಾಯಿಗೆ ಥಂಡಿ ಹತ್ತಬಾರದೆಂದು. ಹಣಮವ್ವ ದಿನಾ ಫೋನು ಮಾಡುವಳು: "ಬಾಯಿ ಆರಾಮ ಅದಾಳಿಲ್ಲೋ? ಉಂಡಾಳ? ನಿದ್ದಿ ಬಂದದ? ಗಾಡಿ ಸಾವಕಾಶ ಹೊಡಿ ಅಂತ ಹೇಳು."

"ಎಂಥ ಪ್ರೀತಿಯ ಊರು ಕಾಕಾ!" ಎಂದು ಮನೀಷಾ ಹಿಗ್ಗಿದಳು. "ನನ್ನ ಸ್ವಂತ ಸೋದರತ್ತೆ ಕೂಡ ಇಷ್ಟು ವಿಚಾರಿಸುವುದಿಲ್ಲ."

ಗುರುಸಿದ್ಧ ಅವಳ ಅಂಗರಕ್ಷಕನಾದ. ಅವಳ ಸ್ಕೂಟರಿನ ಗಾಲಿಗಳನ್ನು ಒದ್ದು ನೋಡುವನು. ರಸ್ತೆ ದಾಟುವಾಗ ಮುಂದೆ ಓಡಿ ಆಟೋಗಳಿಗೆ ಕೈ ಅಡ್ಡ ಹಿಡಿಯುವನು. ತಿರುಗುವ ಫ್ಯಾನಿನ ಕೆಳಗೆ ಅವಳು ಕೂತರೆ ಇವನು ಕತ್ತು ಎತ್ತಿ ಫ್ಯಾನನ್ನೇ ನೋಡುತ್ತ ನಿಲ್ಲುವನು. ಆಫೀಸಿನವರು ಕಾಕಾನಿಗೆ ವಯಸ್ಸಾಯಿತೆಂದರು. ಇದೆಲ್ಲದರ ನಡುವೆ ಅವಳಿಗೆ ಕೆಮ್ಮು ಹತ್ತಿತು.

ಸೊಲ್ಲಾಪುರದ ಧೂಳಿಗೆ ಕೆಮ್ಮದವರಿಲ್ಲ. ಆದರೆ ಸುದ್ದಿ ಕುರನೂರಿಗೆ ಮುಟ್ಟಿದ ಕೂಡಲೇ ಊರು ಬೋರಿನ ಕಡೆ ಓಡಿತು. ಆಣೆ ಮಾಡಿದವಳಿಗೆ ಕೆಮ್ಮೆಂದರೆ ಹೊಗೆ ಎಲ್ಲೋ ಸೋರಿರಬೇಕು.

"ಒಳಗ ಇನ್ನಾ ಏನೂ ಹಾಕೇ ಇಲ್ಲವ್ವ," ಎಂದು ಧರೆಪ್ಪ ಹೇಳಿ ನೋಡಿದ.

"ಹಾಕಿಲ್ಲಂತ ಅವರು ಹೇಳ್ತಾರ," ಎಂದಳು ಹಣಮವ್ವ. ಹಳೆಯ ಬಾವಿಗೆ ಇಳಿಯುವ ಮುಂಚೆ ವಿಷಗಾಳಿ ಇದೆಯೇ ಎಂದು ನೋಡುವಂತೆ ಕಂದೀಲಿಗೆ ಹಗ್ಗ ಕಟ್ಟಿ ಬೋರಿನ ಬಾಯಿಗೆ ಹಿಡಿಸಿದಳು. ಗಾಳಿಗೆ ದೀಪ ಆರಿತು. ಜನ ಹಿಂದೆ ಸರಿದರು, ಮತ್ತೆ ಮುಂದೆ ಬಂದರು. ಕುರಿಗಾರರು ಸರದಿಯ ಮೇಲೆ ಅಲ್ಲೇ ಕಾವಲು ಕೂತರು.

ಬೋರಿನ ಸುತ್ತ ಜನ ಸೇರಿದ್ದಾರೆಂದು ತಿಳಿದು ಸರಕಾರಿ ಅಧಿಕಾರಿ ಯುವರಾಜ ಸಾಹೇಬರು ಒಬ್ಬ ಹವಾಲದಾರನೊಂದಿಗೆ ಧಾವಿಸಿದರು.

"ಏನಿದು ಜಮಾವ? ವಿರೋಧವೇ?"

"ವಿರೋಧ ಅಲ್ಲರಿ ಸಾಹೇಬ್ರ," ಎಂದ ಧರೆಪ್ಪ. "ಕಾಳಜಿ."

ಸಾಹೇಬರು ವಿರೋಧ ನೋಡಿದ್ದರು, ಉಪವಾಸ ನೋಡಿದ್ದರು, ರಸ್ತೆ ತಡೆ ನೋಡಿದ್ದರು. ಕಾಳಜಿಯನ್ನು ಎದುರಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗುರುಸಿದ್ಧನಿಗೆ ಫೋನು ಹಚ್ಚಿದರು. "ಸೋಮವಾರ ಗ್ಯಾಸಿನ ಟ್ಯಾಂಕರು ಬರುವುದಿದೆ. ಊರಲ್ಲಿ ಏನು ನಡೆದಿದೆ?"

"ಏನಿಲ್ಲ ಸಾಹೇಬ್ರೇ, ಅದು ಅಲ್ಲಿಯ ರಿವಾಜು."

"ಯಾವ ರಿವಾಜು?"

"ಕಾಳಜಿ ಮಾಡೋದು."

ಸೋಮವಾರವೆಂಬ ಮಾತು ಗುರುಸಿದ್ಧನ ಎದೆಯಲ್ಲಿ ಕೂತುಬಿಟ್ಟಿತು. ಹೊಗೆ ನೆಲಕ್ಕಿಳಿದ ಗಳಿಗೆಯಿಂದ ಆ ಹುಡುಗಿಯ ತಲೆಯ ಮೇಲೆ ಆಣೆ ಜಾರಿಗೆ ಬರುತ್ತದೆ. ಅವನು ಆ ಕ್ಷಣವೇ ಎಸ್‌ಟಿ ಹಿಡಿದು ಕುರನೂರಿಗೆ ಹೋದ. ಧರೆಪ್ಪ ಕುರಿದಡ್ಡಿಯ ಬಳಿ ಕೂತಿದ್ದ. ಅವನ ಮುಖವೂ ಸೊರಗಿತ್ತು.

"ಬಾ ಗುರುಸಿದ್ಧಪ್ಪ. ಆಣಿ ಉಳೀತೋ ಮುರೀತೋ ಅಂತ ನೋಡಾಂವ ಪೂಜಾರಿ. ಸಾವಿರ ವರ್ಷ ಅಂತ ಸಾಹೇಬ್ರು ಅಂದ್ರು, ನಾ ಎಲ್ಲಿ ಕೂತು ನೋಡ್ಲಿ? ತಾಟು ತಂದು ನಾನಽ ತಪ್ಪು ಮಾಡಿದೆ. ಆಕಿ ಎತ್ತಂಗಿಲ್ಲ, ಎರಡು ಮಾತು ತಡದು ಹೇಳ್ತಾಳ ಅಂದಕೊಂಡಿದ್ದೆ."

"ಮಾಮಾ, ಆಕಿ ಬದಲಿಗಿ ನಾ ಎತ್ತತೀನಿ."

ಧರೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬ್ಯಾಸರ ಮಾಡಕೋಬ್ಯಾಡ. ನೀ ಎತ್ತಿದ್ರ ಕುರಿ ಸುದ್ಧಾ ನಂಬಂಗಿಲ್ಲ." ಆಮೇಲೆ ಕನಿಕರದಿಂದ ಹೇಳಿದ: "ಒಂದು ದಾರಿ ಅದ. ಹೊಗಿ ಇಳಿಯೂದರೊಳಗ, ಎತ್ತಿದ ಭಂಡಾರ ಎತ್ತಿದಷ್ಟೂ ತಿರುಗಿ ತಾಟಿಗಿ ಬೀಳಬೇಕು. ಚಿಟಕಿನೂ ಕಮ್ಮಿ ಆಗಬಾರದು. ಆವಾಗ ಆಣಿ ಇಳೀತದ."

ಗುರುಸಿದ್ಧನಿಗೆ ಹೋದ ಜೀವ ಬಂತು. ಕರವಸ್ತ್ರದ ಗಂಟು ಅವಳ ಪರ್ಸಿನಲ್ಲಿ ಭದ್ರವಾಗಿದೆ! ಯಾರಿಗೂ ಏನೂ ಹೇಳುವ ಪ್ರಸಂಗವೇ ಬರಲಿಕ್ಕಿಲ್ಲ. ಮರುದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲಲ್ಲೇ ನಿಂತ.

"ಮ್ಯಾಡಮ್, ಆ ದಿನದ ಭಂಡಾರ ಇದೆಯಲ್ಲ, ಕರವಸ್ತ್ರದಲ್ಲಿ ಕಟ್ಟಿದ್ದು..."

ಮನೀಷಾಳ ಮುಖ ಅರಳಿತು. "ಕಾಕಾ, ಎಂಥ ಅರಿಶಿನ ಅದು! ಕೆಮ್ಮು ಹತ್ತಿದಾಗಿನಿಂದ ದಿನಾ ಬಿಸಿ ಹಾಲಿಗೆ ಹಾಕಿಕೊಂಡು ಕುಡಿದೆ. ನಿನ್ನೆ ಪೂರ್ತಿ ಮುಗಿಯಿತು. ಇನ್ನಷ್ಟು ಸಿಗುತ್ತದೆಯೇ?"

ಗುರುಸಿದ್ಧ ಕುರ್ಚಿಗಾಗಿ ಕೈ ಚಾಚಿದ. ಕುರ್ಚಿ ಸ್ವಲ್ಪ ದೂರದಲ್ಲಿತ್ತು. ಅವನನ್ನು ನೆಲದಿಂದ ಎಬ್ಬಿಸಿ ನೀರು ಕುಡಿಸಿದವಳೂ ಅವಳೇ.

ಸೋಮವಾರ ಬಂದೇ ಬಂತು. ಗಾಯರಾನಿನಲ್ಲಿ ಬಿಳಿ ಟ್ಯಾಂಕರು ನಿಂತಿತ್ತು. ಅದರಿಂದ ಬೋರಿನ ಬಾಯಿಗೆ ಕೊಳವೆ ಜೋಡಿಸುತ್ತಿದ್ದರು. ಯುವರಾಜ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಇನ್ನೊಂದು ಮಗ್ಗುಲಿಗೆ ಇಡೀ ಊರು. ಎಲ್ಲರ ಮುಂದೆ ಧರೆಪ್ಪ ಹಿತ್ತಾಳೆಯ ತಾಟು ಹಿಡಿದು ನಿಂತಿದ್ದ.

"ತಂದೀಯೇನು?" ಎಂದು ಕೇಳಿದ.

ಗುರುಸಿದ್ಧ ತಲೆ ತಗ್ಗಿಸಿದ. "ಕುಡದಾರ."

"ಏನು ಕುಡದಾರ?"

"ಭಂಡಾರ. ಹಾಲಿನ್ಯಾಗ ಹಾಕ್ಕೊಂಡು."

ಧರೆಪ್ಪ ತಾಟಿನ ಸಮೇತ ಕೆಳಗೆ ಕೂತ. ಎರಡು ಕೈಗೆ ಅರ್ಥ ಹೇಳಿದ್ದ ಹಣಮವ್ವನ ಕಡೆ ಎಲ್ಲರೂ ನೋಡಿದರು. ಅವಳು ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ, "ಆಣಿ ಕುಡದಾಕೀನ್ನ ನಾ ಎಲ್ಲೂ ಕೇಳಿಲ್ಲವ್ವ," ಎಂದು ಒಪ್ಪಿಕೊಂಡಳು.

"ಕಾಕಾ, ಏನು ನಡೀತಿದೆ? ಇವರೆಲ್ಲ ನನ್ನನ್ನು ಯಾಕೆ ಹೀಗೆ ನೋಡುತ್ತಿದ್ದಾರೆ?" ಮನೀಷಾ ಹತ್ತಿರ ಬಂದಳು.

ಗುರುಸಿದ್ಧ ಟ್ಯಾಂಕರು ನೋಡಿದ, ಕೊಳವೆ ನೋಡಿದ, ಅವಳ ಕೊರಳಲ್ಲಿದ್ದ ಊರವರ ಕರಿದಾರ ನೋಡಿದ. ಆಮೇಲೆ ಹೇಳಿದ. ಮೊದಲು ಮರಾಠಿಯಲ್ಲಿ ಅವಳಿಗೆ, ಹಿಂದೆಯೇ ಕನ್ನಡದಲ್ಲಿ ಊರಿಗೆ. ತನಗೆ ತಾಟಿನ ಅರ್ಥ ಗೊತ್ತಿರಲಿಲ್ಲವೆಂದ. ಪ್ರಸಾದವೆಂದು ತಾನೇ ಹುಟ್ಟಿಸಿ ಹೇಳಿದೆನೆಂದ.

ಮನೀಷಾ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಆ ದಿನ ಅಜ್ಜಿ ಕೇಳಿದ್ದಕ್ಕೆ ನಾನು ಅಷ್ಟು ಹೊತ್ತು ಉತ್ತರ ಹೇಳಿದೆ. ನೀವು ಇವರಿಗೆ ಏನೆಂದಿರಿ?"

"'ಬರಂಗಿಲ್ಲ' ಅಂದೆ."

"ನಾನು ಅಂದದ್ದು ಅದಲ್ಲ ಕಾಕಾ."

"ಅಲ್ಲ."

ಮನೀಷಾ ಬೋರಿನ ಬಾಯಿಯ ಕಡೆ ತಿರುಗಿದಳು. ಆಮೇಲೆ ನೇರವಾಗಿ ಟ್ಯಾಂಕರಿನ ಹತ್ತಿರ ಹೋಗಿ, ಕೊಳವೆ ಬಿಚ್ಚಲು ಹೇಳಿದಳು.

ಯುವರಾಜ ಸಾಹೇಬರು ಓಡಿಬಂದರು. "ಅಹೋ ಮ್ಯಾಡಮ್! ಟ್ಯಾಂಕರು ಬರುವುದಕ್ಕೆ ಆದೇಶವಿದೆ. ತಿರುಗಿ ಹೋಗುವುದಕ್ಕೆ ಎಲ್ಲಿದೆ? ಅದಿರಲಿ, ಸರಕಾರದ ಪರವಾಗಿ ಆಣೆ ಮಾಡುವುದಕ್ಕೆ ನಿಮಗೆ ಪರವಾನಗಿ ಕೊಟ್ಟವರು ಯಾರು? ನಾನು ಮೇಲಕ್ಕೆ ಏನು ಬರೆಯಲಿ?"

"ಒಪ್ಪಿಗೆ ಸಿಕ್ಕದ್ದು ನಾನು ಹೇಳದ ಮಾತಿಗೆ ಸಾಹೇಬರೇ. ಹಾಗೆಂದೇ ಬರೆಯಿರಿ," ಎಂದಳು. ತಿರುಗಿ ಬಂದು ಊರವರ ಎದುರಿಗೆ ಒಂದು ಕಲ್ಲಿನ ಮೇಲೆ ಕೂತಳು. "ಕಾಕಾ, ಈ ಸಲ ಒಂದು ಮಾತೂ ನುಂಗದೆ ಹೇಳಬೇಕು."

ಅವಳು ಒಂದೊಂದೇ ಮಾತು ಹೇಳಿದಳು. ಅವನು ಒಂದೊಂದೇ ಮಾತು ದಾಟಿಸಿದ. ಹೊಗೆಯ ಈ ಅನಿಲ ಕರಿಕಲ್ಲಿನಲ್ಲಿ ಕಲ್ಲಾದದ್ದನ್ನು ಬೇರೆ ಕಡೆ ನೋಡಿದ್ದಾರೆ. ಇಲ್ಲಿಯ ಕಲ್ಲಿನಲ್ಲೂ ಆದೀತೆಂದು ತನಗೆ ಅನ್ನಿಸುತ್ತದೆ. ಸೋರಿದರೆ ಮೊದಲು ಬಾವಿಯ ನೀರಿನಲ್ಲಿ ತಿಳಿಯುತ್ತದೆ. ಸೋರುವುದೇ ಇಲ್ಲವೆಂದು ಹೇಳಲಾರೆ. ಸಾವಿರ ವರ್ಷದ ಮಾತು...

ಇಲ್ಲಿ ಗುರುಸಿದ್ಧ ತಡೆದ. ಜನ ಕಾದರು. ಅವನು ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಇಡೀ ಊರಿಗೆ ಕೇಳುವಂತೆ ಹೇಳಿದ:

"ಗೊತ್ತಿಲ್ಲ ಅಂತಾರ."

ಮನೀಷಾ ಎದ್ದು ಧರೆಪ್ಪನ ತಾಟಿಗೆ ಕೈ ಚಾಚಿದಳು. "ನೀವೆಲ್ಲ ತಿಳಿದು ಹೂಂ ಅನ್ನುವವರೆಗೆ ಒಂದು ಹನಿಯೂ ಒಳಗಿಳಿಸುವುದಿಲ್ಲ. ಇಷ್ಟಕ್ಕೆ ಬೇಕಾದರೆ ಒಂದು ಮುಷ್ಟಿ ಎತ್ತುತ್ತೇನೆ."

ಧರೆಪ್ಪ ತಾಟನ್ನು ಗಬಕ್ಕನೆ ಬೆನ್ನ ಹಿಂದೆ ಅಡಗಿಸಿದ. "ಬ್ಯಾಡವ್ವಾ ಬ್ಯಾಡ! ಮೊದಲಿಂದಽ ಇನ್ನಾ ಹೊಟ್ಯಾಗ ಅದ!"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೆ ಬಂತು. ಹವಾಲದಾರ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಆದರೆ ಹಣಮವ್ವ ನಗಲಿಲ್ಲ. ಅವಳು ಯೋಚಿಸುತ್ತಿದ್ದಳು.

"ಈಕಿ ಗೊತ್ತಿಲ್ಲ ಅಂದಾಳ. ಗೊತ್ತಿಲ್ಲ ಅಂದಾಕಿಗಿ ಆಣಿ ಎಲ್ಲೀದು? ಹಂಗಾರ 'ಬರಂಗಿಲ್ಲ' ಅಂದಾಂವ ಯಾರು?"

ಊರಿಗೆ ಊರೇ ತಿರುಗಿ ಗುರುಸಿದ್ಧನನ್ನು ನೋಡಿತು. ಅವನಿಗೆ ಗಾಯರಾನು ಗಿರ್ರನೆ ತಿರುಗಿದಂತಾಯಿತು. ಸಾವಿರ ವರ್ಷ! ಹಿಂದಿನವರು, ಮುಂದಿನವರು, ಇಂದುಬಾಯಿ!

ಅಷ್ಟು ಹೊತ್ತು ಹೆಂಗಸರ ನಡುವೆ ಸುಮ್ಮನೆ ನಿಂತಿದ್ದ ಸುಗಲಾಬಾಯಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಅವನ್ನೇನು ಹಿಡೀತೀರಿ? ಅಂದದ್ದು ಖರೆ. ಅಂವ ಎತ್ತಿಲ್ಲ, ಕುಡದೂ ಇಲ್ಲ. ನಮ್ಮ ಅಣ್ಣ ಹಿಂಗಽ ಅಂತ ನಿಮಗೇನು ಗೊತ್ತಿಲ್ಲೇನು? ಅವನ ಮಾತು ಹಿಡದು ಯಾರಾರ ಮನಿ ಕಟ್ಯಾರೇನು, ಹಾಳಾಗಾಕ?"

ಧರೆಪ್ಪ ಹೆಂಡತಿಯ ಮುಖ ನೋಡಿದ, ದೇವರ ದಿಕ್ಕು ನೋಡಿದ. ಆಮೇಲೆ ಎದ್ದು ನಿಂತು ಪೂಜಾರಿಯ ದನಿಯಲ್ಲಿ ತೀರ್ಪು ಹೇಳಿದ: "ಮಾತು ಒಬ್ಬರದು, ಕೈ ಒಬ್ಬರದು. ಹಂಗಿದ್ರ ಆಣಿ ಕೂಡಂಗಿಲ್ಲ. ಯಾರ ಮ್ಯಾಲೂ ಏನೂ ಇಲ್ಲ." ಇಷ್ಟು ಹೇಳಿ ಅವನು ಹಣೆಯ ಬೆವರು ಒರೆಸಿಕೊಂಡ ರೀತಿಯಿಂದ, ಎಲ್ಲರಿಗಿಂತ ದೊಡ್ಡ ಬಿಡುಗಡೆ ಯಾರಿಗಾಯಿತೆಂದು ತಿಳಿಯುತ್ತಿತ್ತು.

"ಮುಂದಿನ ಸಭಿ ಯಾವಾಗ ಇಡ್ತಾರ, ಕೇಳು," ಎಂದಳು ಹಣಮವ್ವ ಗುರುಸಿದ್ಧನಿಗೆ. "ಆ ಬಾವಿ ನೀರಿಂದು ಇನ್ನಾ ಕೇಳೂದದ."

ಟ್ಯಾಂಕರು ಬಂದ ದಾರಿಯಲ್ಲೇ ತಿರುಗಿ ಹೋಯಿತು. ಸಾಹೇಬರು ಮೇಲಕ್ಕೆ ಏನು ಬರೆಯಬೇಕೆಂದು ಯೋಚಿಸುತ್ತ ಅದರ ಹಿಂದೆಯೇ ಹೋದರು. ಮನೀಷಾಳ ಫೋನು ಹೊಡೆದುಕೊಂಡಿತು. ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಅವಳ ಮೇಲಿನ ಸಾಹೇಬರ ದನಿ ಕಿಟಕಿಯ ಹೊರಗೂ ಕೇಳುತ್ತಿತ್ತು. ಅವಳು ಆಗಾಗ ಹೂಂಗುಟ್ಟುತ್ತ ಒಂದೊಂದು "ಹೋ ಸರ್" ಅನ್ನುತ್ತಿದ್ದಳು.

ಗುರುಸಿದ್ಧ ದೂರದಲ್ಲಿ ಒಂದು ಜಾಲಿ ಗಿಡದ ಹತ್ತಿರ ನಿಂತ. ಜೀಪು ಹತ್ತಬೇಕೋ, ಎಸ್‌ಟಿಗೆ ಕಾಯಬೇಕೋ ಅವನಿಗೆ ತಿಳಿಯಲಿಲ್ಲ. ನಾಳೆಯಿಂದ ಕೆಲಸವಿದೆಯೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ. ತನ್ನ ಕಾರಣಕ್ಕೆ ಅವಳ ಕೆಲಸವೂ ಹೋದರೆ ಎಂಬ ಹೊಸ ಚಿಂತೆ ಹತ್ತಿ, ಹಳೆಯ ಚಿಂತೆಗಳೆಲ್ಲ ಸಣ್ಣವಾಗಿ ಕಂಡವು.

ಮನೆಯ ಕಡೆಯಿಂದ ಸುಗಲಾಬಾಯಿ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಜೋಳದ ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆಯ ಉಂಡೆ. ತಾಟನ್ನು ಅಣ್ಣನ ಕೈಗಿತ್ತು, ಗದ್ದ ಎತ್ತಿ ಜೀಪಿನ ಕಡೆ ತೋರಿಸಿ, ಬಂದ ಹಾಗೆಯೇ ತಿರುಗಿ ಹೋದಳು.

ಗುರುಸಿದ್ಧ ಅಳುಕುತ್ತ ಹೋಗಿ ಕಿಟಕಿಯಲ್ಲಿ ತಾಟು ಹಿಡಿದ. ಮನೀಷಾ ಅವನ ಮುಖ ನೋಡಲಿಲ್ಲ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಹಿಡಿದು ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಫೋನಿನಲ್ಲಿ ಸಾಹೇಬರು ಇನ್ನೂ ಮಾತಾಡುತ್ತಲೇ ಇದ್ದರು. ಅವಳು ರೊಟ್ಟಿಯನ್ನು ಎರಡಾಗಿ ಮುರಿದು, ದೊಡ್ಡ ತುಂಡಿನ ಮೇಲೆ ಪಲ್ಯ, ಬೆಣ್ಣೆ ಹಾಕಿ, ಕಿಟಕಿಯಿಂದ ಹೊರಗೆ ಚಾಚಿದಳು.